ದಿಬ್ಬ ಉಳಿದು ಚಿನ್ನ ಹೋಗದಿರಲಿ

ಕೆಲವು ವರ್ಷಗಳ ಹಿಂದಿನ ಮಾತು. ಕ್ರಿಸ್ಮಸ್ ಕಳೆದು ಎರಡು ದಿನವಾಗಿತ್ತು. ಶಾಲೆಯ ಯಾವುದೋ ಕಾಗದಕ್ಕಾಗಿ ಬೀರು ತಡಕಾಡುತ್ತಿದ್ದೆ. ಹಳೆಯ ಬಿಸ್ಕತ್ತಿನ ಡಬ್ಬಿಯೊಂದು ಕೈಗೆ ಸಿಕ್ಕಿತು. ಮುಚ್ಚಳ ತೆಗೆದು ನೋಡಿದರೆ, ಹತ್ತಿಯಲ್ಲಿ ಸುತ್ತಿಟ್ಟ ಬಾಲಯೇಸುವಿನ ಪುಟ್ಟ ಬೊಂಬೆ!

ಇದರಲ್ಲಿ ಗಾಬರಿಯಾಗುವಂಥದ್ದೇನು ಎಂದು ಕ್ರೈಸ್ತರಲ್ಲದ ಓದುಗರು ಕೇಳಬಹುದು. ಹೇಳುತ್ತೇನೆ. ಡಿಸೆಂಬರಿನಲ್ಲಿ ನಮ್ಮ ಮನೆಗಳಲ್ಲಿ ಗೋದಲಿ ಕಟ್ಟುತ್ತೇವೆ. ಹುಲ್ಲಿನ ಕೊಟ್ಟಿಗೆ, ದನಕರು, ಕುರುಬರು, ಮರಿಯಮ್ಮ, ಜೋಸೆಫರು ಎಲ್ಲರೂ ಅಲ್ಲಿರುತ್ತಾರೆ. ಆದರೆ ನಡುವಿನ ಹುಲ್ಲಿನ ಹಾಸಿಗೆ ಮಾತ್ರ ಖಾಲಿ. 24ರ ನಡುರಾತ್ರಿಯ ಪೂಜೆ ಮುಗಿಸಿ ಮನೆಗೆ ಬಂದ ಮೇಲೆ, ಮನೆಯವರೆಲ್ಲ ಸೇರಿ ಪ್ರಾರ್ಥನೆ ಮಾಡಿ, ಮಗುವಿನ ಬೊಂಬೆಯನ್ನು ಅಲ್ಲಿ ಮಲಗಿಸುತ್ತೇವೆ. ಹಬ್ಬ ಶುರುವಾಗುವುದು ಆಗಲೇ.

ಆ ವರ್ಷ ನಾವು ಮಲಗಿಸಿರಲಿಲ್ಲ. ಮರೆತೇಬಿಟ್ಟಿದ್ದೆವು. ಬೆಂಗಳೂರಿನಿಂದ ತಂದ ದೊಡ್ಡ ನಕ್ಷತ್ರ ಬಾಗಿಲಲ್ಲಿ ಬಣ್ಣ ಬದಲಿಸುತ್ತಿತ್ತು. ಗೋದಲಿಗೆ ಮಿಣಿಮಿಣಿ ದೀಪದ ಸರ ಹಾಕಿದ್ದೆವು. ನೆಂಟರು ಬಂದರು, ಊಟವಾಯಿತು, ಎಲ್ಲರೂ ಗೋದಲಿಯ ಮುಂದೆ ನಿಂತು ಮೊಬೈಲಿನಲ್ಲಿ ಫೋಟೋ ತೆಗೆಸಿಕೊಂಡರು. ಆ ಫೋಟೋಗಳನ್ನು ಮತ್ತೆ ನೋಡಿದೆ. ಒಂದೊಂದರಲ್ಲೂ ಮರಿಯಮ್ಮ, ಜೋಸೆಫರು ತಲೆಬಾಗಿಸಿ ಖಾಲಿ ಹುಲ್ಲನ್ನೇ ನೋಡುತ್ತಿದ್ದಾರೆ. ಎರಡು ದಿನ ಮನೆಗೆ ಬಂದುಹೋದ ಅಷ್ಟೂ ಜನರಲ್ಲಿ ಒಬ್ಬರೂ ಅದನ್ನು ಗಮನಿಸಲಿಲ್ಲ. ಮನೆಯ ಯಜಮಾನನಾದ ನಾನೂ ಗಮನಿಸಲಿಲ್ಲ.

ಡಬ್ಬಿ ಹಿಡಿದು ನಿಂತಿದ್ದ ನನ್ನನ್ನು ಕಂಡು, ಆಗ ಎಂಟನೇ ತರಗತಿಯಲ್ಲಿದ್ದ ಮಗಳು ಕೇಳಿದಳು: "ಹಾಗಾದ್ರೆ ಅಪ್ಪಾ, ಮೊನ್ನೆ ನಾವು ಯಾರ ಹುಟ್ಟುಹಬ್ಬ ಮಾಡಿದ್ವಿ?"

ಮೂವತ್ತು ವರ್ಷಗಳಿಗೆ ಹತ್ತಿರವಾಯಿತು, ಮಕ್ಕಳ ಪ್ರಶ್ನೆಗೆ ಉತ್ತರ ಹೇಳುವುದೇ ನನ್ನ ಕಸುಬು. ಆವತ್ತು ಉತ್ತರ ಹೊಳೆಯಲಿಲ್ಲ.

ನಮ್ಮೂರು ಮೈಸೂರು ಮೈನ್ಸ್. ಬಂಗಾರಪೇಟೆಯಿಂದ ಹೊರಟ ರೈಲು ಕೋರಮಂಡಲ, ಉರಿಗಾಂ, ಚಾಂಪಿಯನ್ ದಾಟಿ ಮಾರಿಕುಪ್ಪಂನಲ್ಲಿ ನಿಲ್ಲುತ್ತದಲ್ಲ, ಆ ಕೊನೆಯಲ್ಲಿದೆ. ರೈಲಿನಲ್ಲಿ ಬರುವವರ ಕಣ್ಣಿಗೆ ಮೊದಲು ಬೀಳುವುದು ಚರ್ಚಿನ ಗೋಪುರವೂ ಅಲ್ಲ, ಶಾಫ್ಟಿನ ಚಕ್ರವೂ ಅಲ್ಲ. ಬೂದುಬಣ್ಣದ ದೊಡ್ಡ ದೊಡ್ಡ ಗುಡ್ಡಗಳು. ನಾವು ಅವನ್ನು ಸೈನೈಡ್ ದಿಬ್ಬ ಎನ್ನುತ್ತೇವೆ. ಹೊಸಬರು ಅವನ್ನು ನಿಜವಾದ ಬೆಟ್ಟವೆಂದೇ ತಿಳಿಯುತ್ತಾರೆ. ಬೆಟ್ಟವಲ್ಲ ಅವು, ಚಿನ್ನ ತೆಗೆದು ಬಿಸಾಡಿದ ಪುಡಿ.

ಚಿನ್ನ ತೆಗೆಯುವ ಕ್ರಮವನ್ನು ಪ್ರತಿವರ್ಷ ಮಕ್ಕಳಿಗೆ ಪಾಠ ಮಾಡುತ್ತೇನೆ. ಗಣಿಯಿಂದ ಮೇಲೆ ಬಂದ ಅದಿರನ್ನು ಗಿರಣಿಯಲ್ಲಿ ಹಿಟ್ಟಿನ ಹಾಗೆ ನುಣ್ಣಗೆ ಅರೆಯುತ್ತಾರೆ. ಅದನ್ನು ಸೈನೈಡ್ ದ್ರಾವಣದೊಂದಿಗೆ ಬೆರೆಸಿದಾಗ ಕಲ್ಲಿನ ಪುಡಿ ಹಾಗೇ ಉಳಿದು ಚಿನ್ನ ಮಾತ್ರ ಕರಗುತ್ತದೆ. ಆ ದ್ರಾವಣವನ್ನು ಸೋಸಿ ಸತುವಿನ ಪುಡಿ ಹಾಕಿದರೆ ಚಿನ್ನ ಬೇರೆಯಾಗುತ್ತದೆ. ಅದನ್ನು ಕರಗಿಸಿ ಗಟ್ಟಿ ಎರಕ ಹೊಯ್ಯುತ್ತಾರೆ. ಕೊನೆಯ ವರ್ಷಗಳಲ್ಲಿ ಒಂದು ಟನ್ ಅದಿರು ಅರೆದರೆ ಸಿಗುತ್ತಿದ್ದುದು ಸುಮಾರು 3 ಗ್ರಾಂ ಚಿನ್ನ. ಉಳಿದದ್ದೆಲ್ಲ ದಿಬ್ಬಕ್ಕೆ. ಹೀಗೆ ಸೇರಿ ಸೇರಿ ಇಲ್ಲಿ ಬಿದ್ದಿರುವ ಪುಡಿ ಮೂರು ಕೋಟಿ ಟನ್‌ಗೂ ಮಿಕ್ಕಿದೆ. ಗಾಳಿ ಬೀಸಿದರೆ ಅದರ ದೂಳು ಮನೆಯೊಳಗೆ ಬಂದು ಅನ್ನದ ತಟ್ಟೆಯ ಮೇಲೆ ಕೂರುತ್ತದೆ.

ಆವತ್ತು ಸಂಜೆ ದಿಬ್ಬದ ಕಡೆ ನೋಡುತ್ತಾ ನಿಂತಿದ್ದಾಗ ಮಗಳಿಗೆ ಕೊಡಬೇಕಾದ ಉತ್ತರ ಹೊಳೆಯಿತು. ನಮ್ಮ ಮನೆಯ ಹಬ್ಬವೂ ಹೀಗೇ ಆಗಿಹೋಗಿತ್ತು. ದೂರದಿಂದ ನೋಡಿದವರಿಗೆ ಎತ್ತರ, ದೊಡ್ಡದು. ಒಳಗಿನ ಚಿನ್ನ ಮಾತ್ರ ಹೋಗಿತ್ತು.

ಹಾಗೆಂದು ಕೇಕು, ನಕ್ಷತ್ರ, ಹೊಸ ಬಟ್ಟೆ ಎಲ್ಲ ಕೆಟ್ಟದ್ದು, ಬಿಡಬೇಕು ಎಂದು ನಾನು ಹೇಳುವುದಿಲ್ಲ. ಅದಿರನ್ನು ಬೈದವನಿಗೆ ಚಿನ್ನ ಸಿಗುವುದಿಲ್ಲ. ಚಿನ್ನ ಇರುವುದೇ ಅದಿರಿನೊಳಗೆ. ನಮ್ಮ ಹಬ್ಬದ ಒಂದೊಂದು ಆಚರಣೆಯನ್ನೂ ಸ್ವಲ್ಪ ಅರೆದು ನೋಡಿ. ಒಳಗೆ ಏನೋ ಹೊಳೆಯುತ್ತದೆ.

ಕ್ರಿಸ್ಮಸ್ ತಾತನನ್ನೇ ತೆಗೆದುಕೊಳ್ಳಿ. ಕೆಂಪು ಅಂಗಿ ತೊಟ್ಟು ಅಂಗಡಿಯ ಬಾಗಿಲಲ್ಲಿ ಗಂಟೆ ಬಾರಿಸುವ ಈ ತಾತನ ಮೂಲ ಸಂತ ನಿಕೋಲಾಸ್. ಅವರು ನಾಲ್ಕನೆಯ ಶತಮಾನದಲ್ಲಿ, ಇಂದಿನ ಟರ್ಕಿಯಲ್ಲಿರುವ ಮೈರಾ ಎಂಬ ಊರಿನ ಬಿಷಪರಾಗಿದ್ದರು. ಅವರ ಬಗ್ಗೆ ಒಂದು ಕಥೆ ಪರಂಪರೆಯಿಂದ ಬಂದಿದೆ. ಮೂವರು ಹೆಣ್ಣುಮಕ್ಕಳಿದ್ದ ಬಡವನೊಬ್ಬನಿಗೆ ಅವರ ಮದುವೆ ಮಾಡಲು ಗತಿಯಿರಲಿಲ್ಲ. ನಿಕೋಲಾಸರು ರಾತ್ರಿ ಯಾರಿಗೂ ಕಾಣದಂತೆ ಹೋಗಿ, ಕಿಟಕಿಯಿಂದ ಚಿನ್ನದ ಗಂಟನ್ನು ಒಳಗೆ ಎಸೆದು ಬಂದರಂತೆ. ಕೊಟ್ಟದ್ದು ಯಾರೆಂದು ತೆಗೆದುಕೊಂಡವನಿಗೆ ಗೊತ್ತಾಗಬಾರದು ಎಂಬುದೇ ಆ ಕಥೆಯ ತಿರುಳು. ಹೆಸರು ಬೇಡದ ದಾನ. ಇಂದಿನ ತಾತನ ಗಂಟೆಯ ಸದ್ದಿನಲ್ಲಿ ಕೇಳಿಸದೆ ಹೋಗಿರುವುದು ಅದೇ.

ಗೋದಲಿಯೂ ಹಾಗೆಯೇ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಕ್ರಿಸ್ಮಸ್ ರಾತ್ರಿ ಒಂದು ಮೇವಿನ ತೊಟ್ಟಿ, ಹುಲ್ಲು, ನಿಜವಾದ ಎತ್ತು ಮತ್ತು ಕತ್ತೆಯನ್ನು ಇಟ್ಟು ಪೂಜೆ ನಡೆಸಿದರು. ಯೇಸು ಹುಟ್ಟಿದಾಗ ಎಂಥ ಬಡತನವಿತ್ತು ಎಂಬುದನ್ನು ಜನ ಕಣ್ಣಾರೆ ಕಾಣಲಿ ಎಂದು. ಎಂಟುನೂರು ವರ್ಷಗಳ ಮೇಲೆ ನಾವು ಅದೇ ಬಡತನದ ಚಿತ್ರಕ್ಕೆ ಸಾವಿರಾರು ರೂಪಾಯಿ ಸುರಿದು, ಪಕ್ಕದ ಬೀದಿಯವರಿಗಿಂತ ನಮ್ಮದೇ ದೊಡ್ಡದಾಗಲಿ ಎನ್ನುತ್ತೇವೆ.

ಇನ್ನು ನಕ್ಷತ್ರ. ಪ್ರತಿ ಡಿಸೆಂಬರಿನಲ್ಲೂ ತರಗತಿಯಲ್ಲಿ ಯಾರಾದರೂ ಒಬ್ಬರು ಎದ್ದು ನಿಲ್ಲುತ್ತಾರೆ. "ಸಾರ್, ಆ ನಕ್ಷತ್ರ ನಿಜವಾಗಿ ಇತ್ತಾ?" ಕೇಳುವವನು ಕ್ರೈಸ್ತ ಹುಡುಗನೇ ಆಗಿರಬೇಕೆಂದಿಲ್ಲ. ನಾನು ಗೊತ್ತಿರುವುದನ್ನು ಹೇಳುತ್ತೇನೆ. ಗ್ರಹಗಳ ಚಲನೆಯ ನಿಯಮಗಳನ್ನು ಕೊಟ್ಟ ಯೊಹಾನ್ಸ್ ಕೆಪ್ಲರ್ ಈ ಪ್ರಶ್ನೆಗೆ ತಲೆ ಕೊಟ್ಟಿದ್ದ. ಗುರು ಮತ್ತು ಶನಿ ಗ್ರಹಗಳು ಸುಮಾರು 20 ವರ್ಷಕ್ಕೊಮ್ಮೆ ಆಕಾಶದಲ್ಲಿ ಹತ್ತಿರ ಬರುತ್ತವೆ. ಹಿಂದಕ್ಕೆ ಲೆಕ್ಕ ಹಾಕಿದರೆ ಕ್ರಿ.ಪೂ. 7ರಲ್ಲಿ ಒಂದೇ ವರ್ಷ ಮೂರು ಬಾರಿ ಹಾಗೆ ಬಂದಿದ್ದವು. ಹೆರೋದ ರಾಜ ಸತ್ತದ್ದು ಕ್ರಿ.ಪೂ. 4ರಲ್ಲಿ ಎಂದು ಬಹುಪಾಲು ವಿದ್ವಾಂಸರು ಹೇಳುವುದರಿಂದ ಯೇಸುವಿನ ಜನನ ಅದಕ್ಕೂ ಮುಂಚಿನದು. ನಮ್ಮ ಕಾಲದಲ್ಲೂ 2020ರ ಡಿಸೆಂಬರ್ 21ರ ಸಂಜೆ ಗುರು, ಶನಿ ಎರಡೂ ಬಹುತೇಕ ಒಂದೇ ಚುಕ್ಕಿಯಂತೆ ಕಂಡವು. ಕೆಪ್ಲರ್ 1604ರಲ್ಲಿ ಹೊಸದಾಗಿ ಬೆಳಗಿದ ಒಂದು ನಕ್ಷತ್ರವನ್ನೂ ಗಮನಿಸಿ ಬರೆದಿಟ್ಟಿದ್ದಾನೆ. ಆದ್ದರಿಂದ ಆಕಾಶದಲ್ಲಿ ಅಪರೂಪದ ಬೆಳಕು ಕಾಣಿಸಿಕೊಳ್ಳುವುದು ಅಸಾಧ್ಯವೇನಲ್ಲ. ಆದರೆ ಜೋಯಿಸರು ಕಂಡದ್ದು ಇಂಥದ್ದೇ ಎಂದು ವಿಜ್ಞಾನ ಹೇಳಲಾರದು. ಡಿಸೆಂಬರ್ 25 ಎಂಬ ತಾರೀಖನ್ನೂ ಬೈಬಲ್ ಹೇಳುವುದಿಲ್ಲ. ರೋಮಿನಲ್ಲಿ 336ರ ಹೊತ್ತಿಗೆ ಆ ದಿನ ಹಬ್ಬ ಆಚರಿಸುತ್ತಿದ್ದುದಕ್ಕೆ ದಾಖಲೆಯಿದೆ.

ಇಷ್ಟು ಹೇಳಿ ಒಂದು ಮಾತು ಸೇರಿಸುತ್ತೇನೆ. ಮತ್ತಾಯನು ಬರೆದ ಸುವಾರ್ತೆಯಲ್ಲಿ ನಕ್ಷತ್ರದ ವರ್ಣನೆ ಬಹಳ ಕಡಿಮೆ, ಅದನ್ನು ನೋಡಿ ನಡೆದವರ ವಿಷಯವೇ ಹೆಚ್ಚು. ಹೆರೋದನ ಅರಮನೆಯ ಪಂಡಿತರಿಗೆ ಮಗು ಹುಟ್ಟುವ ಊರಿನ ಹೆಸರು ಗೊತ್ತಿತ್ತು. ಆದರೆ ಅವರು ಹೊರಟರೆಂದು ಎಲ್ಲೂ ಬರೆದಿಲ್ಲ. ಪರದೇಶದ ಜೋಯಿಸರು ಹೊರಟರು. ನಕ್ಷತ್ರವನ್ನು ಬಾಗಿಲಿಗೆ ಕಟ್ಟಿ ಒಳಗೆ ಕೂತವರು ನಾವು. ಅದರ ಬೆಳಕಿನಲ್ಲಿ ಎದ್ದು ಎಲ್ಲಿಗೆ ಹೋಗಬೇಕಿತ್ತು ಎಂದು ಕೇಳಿಕೊಳ್ಳುವುದಿಲ್ಲ.

ಆ ಜೋಯಿಸರು ತಂದ ಕಾಣಿಕೆಗಳಲ್ಲಿ ಮೊದಲನೆಯದು ಚಿನ್ನ. ಧೂಪ, ರಕ್ತಬೋಳ ಆಮೇಲೆ. ಗಣಿಯ ಮಕ್ಕಳಾದ ನಮಗೆ ಈ ಮಾತು ಬೇರೆ ಊರಿನವರಿಗಿಂತ ಹೆಚ್ಚು ತಟ್ಟಬೇಕು. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಕಾಲಿಟ್ಟಂದಿನಿಂದ ಗಣಿ ಮುಚ್ಚುವವರೆಗಿನ 120 ವರ್ಷಗಳಲ್ಲಿ ಈ ನೆಲದಿಂದ ಸುಮಾರು 800 ಟನ್ ಚಿನ್ನ ಎತ್ತಿದ್ದಾರೆ. ಬಂಡೆಯ ಶಾಖವೇ 60 ಡಿಗ್ರಿ ದಾಟುವ ಆಳದಲ್ಲಿ ನಮ್ಮ ಹಿರಿಯರು ಬೆವರು ಸುರಿಸಿದರು. ಬಂಡೆ ಸಿಡಿದು ಸತ್ತವರೂ ಇದ್ದಾರೆ. ನನ್ನ ಅಪ್ಪನೂ ಗಣಿಯೊಳಗೆ ಇಳಿಯುತ್ತಿದ್ದವರೇ. ಅವರ ಬೆರಳಲ್ಲಿ ಒಂದು ಚಿನ್ನದ ಉಂಗುರವನ್ನು ನಾನು ಕಂಡವನಲ್ಲ. ಇಂಥವರ ಮನೆಗೆ ಚಿನ್ನ ಬಂತು, ಅದೂ ಯಾರೂ ಕರೆಯದೆ ಬಂತು ಎನ್ನುವುದೇ ಬೆತ್ಲೆಹೇಮಿನ ಸುದ್ದಿ. ರಾಜರಿಗೆ ಸಲ್ಲುವ ಕಾಣಿಕೆ, ಹುಟ್ಟಿದಾಗ ತೊಟ್ಟಿಲೂ ಇಲ್ಲದ ಮಗುವಿಗೆ ಸಂದಿತು.

ಈ ಸುದ್ದಿಯ ಅರ್ಥ ನನಗೆ ಆದದ್ದು ಯಾವ ಚರ್ಚಿನ ಪ್ರಸಂಗದಿಂದಲೂ ಅಲ್ಲ, 2001ರ ಡಿಸೆಂಬರಿನಲ್ಲಿ. ಆ ವರ್ಷದ ಫೆಬ್ರವರಿ ಕೊನೆಗೆ ಗಣಿ ಮುಚ್ಚಿತ್ತು. ನಮ್ಮ ಲೈನಿನಲ್ಲಿ, ಅಂದರೆ ಕಾರ್ಮಿಕರ ಸಾಲುಮನೆಗಳಲ್ಲಿ, ಒಂದೊಂದು ಮನೆಯಲ್ಲೂ ಕೆಲಸ ಕಳೆದುಕೊಂಡವರು. ನಾನು ಬಿ.ಎಡ್. ಮುಗಿಸಿ ಸಣ್ಣ ಸಂಬಳದ ಮೇಷ್ಟ್ರಾಗಿದ್ದೆ. ಆ ಸಂಬಳದಲ್ಲಿ ಮನೆ ನಡೆಯುವುದೇ ಕಷ್ಟವಾಗಿತ್ತು.

ನಮ್ಮ ಲೈನಿನಲ್ಲಿ ಒಂದು ಪದ್ಧತಿ. ಕ್ರಿಸ್ಮಸ್ ದಿನ ನಮ್ಮ ಮನೆಯಿಂದ ಕಲ್‌ಕಲ, ಅಚ್ಚುಮುರುಕು, ಕೇಕು ತುಂಬಿದ ತಟ್ಟೆ ಹಿಂದೂಗಳ ಮನೆಗೆ, ಮುಸಲ್ಮಾನರ ಮನೆಗೆ ಹೋಗಬೇಕು. ದೀಪಾವಳಿಗೆ, ರಂಜಾನಿಗೆ ಅವರ ಮನೆಯಿಂದ ನಮ್ಮ ಮನೆಗೆ ಬರುತ್ತದೆ. ಆ ವರ್ಷ ತಟ್ಟೆ ಹೋಗದಿದ್ದರೆ ಮರ್ಯಾದೆ ಹೋಗುತ್ತದೆ ಎಂದು ನನಗೆ ಚಿಂತೆ. ಬಡ್ಡಿಗೆ ಸಾಲ ತರುತ್ತೇನೆಂದು ಹೊರಟೆ. ಅಪ್ಪ ಬಾಗಿಲಲ್ಲಿ ಕೂತಿದ್ದವರು ತಲೆ ಎತ್ತದೆ ಹೇಳಿದರು: "ಸಾಲ ಮಾಡಿ ಹಬ್ಬ ಮಾಡಿದ್ರೆ ಆ ಹಬ್ಬ ಬಡ್ಡಿಯವನದ್ದು ಕಣೋ, ಯೇಸುವಿನದ್ದಲ್ಲ."

ನಾನು ಸಿಟ್ಟಿನಿಂದ ಚಪ್ಪಲಿ ಬಿಚ್ಚಿ ಒಳಗೆ ಬಂದೆ. ಅಮ್ಮ ಹಳೆಯ ಸಿಮೆಂಟು ಚೀಲದ ಕಾಗದದಿಂದ ಗೋದಲಿ ಕಟ್ಟಿದಳು. ಬಿದಿರುಕಡ್ಡಿಗೆ ಹಿಂದಿನ ವರ್ಷದ ಬಣ್ಣದ ಕಾಗದವನ್ನೇ ಅಂಟಿಸಿ ನಕ್ಷತ್ರ ಮಾಡಿದೆವು. ರಾತ್ರಿ ಪೂಜೆಯಿಂದ ಬಂದು, ಲೂಕನ ಸುವಾರ್ತೆಯಿಂದ ಯೇಸುವಿನ ಜನನದ ಭಾಗವನ್ನು ಅಪ್ಪ ನಿಧಾನವಾಗಿ ಓದಿದರು. ಹುಟ್ಟಿದ ಸುದ್ದಿ ಮೊದಲು ತಿಳಿದದ್ದು ರಾತ್ರಿ ಪಾಳಿಯಲ್ಲಿ ಕುರಿ ಕಾಯುತ್ತಿದ್ದವರಿಗೆ ಎಂಬಲ್ಲಿಗೆ ಬಂದಾಗ ಓದುವುದನ್ನು ನಿಲ್ಲಿಸಿದರು. ವರ್ಷಗಟ್ಟಲೆ ರಾತ್ರಿ ಪಾಳಿ ಮಾಡಿದ ಮನುಷ್ಯ. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಓದಿದರು. ಆಮೇಲೆ ಅಮ್ಮ ಇದೇ ಬೊಂಬೆಯನ್ನು ಹುಲ್ಲಿನ ಮೇಲೆ ಮಲಗಿಸಿದಳು.

ಬೆಳಿಗ್ಗೆ ಎದುರುಮನೆಯ ಹೆಂಗಸು ಬಂದರು. ಅವರ ಯಜಮಾನರಿಗೂ ಕೆಲಸ ಹೋಗಿತ್ತು. ಕೈಯಲ್ಲಿ ತಟ್ಟೆ. ಅದರಲ್ಲಿ ಒಂದು ಚಿಪ್ಪು ಬಾಳೆಹಣ್ಣು, ಒಂದು ಅಚ್ಚು ಬೆಲ್ಲ, ಒಂದಿಷ್ಟು ಅಕ್ಕಿ. "ಅಕ್ಕಾ, ವರ್ಷಾ ವರ್ಷಾ ನಿಮ್ಮ ಮನೆಯಿಂದ್ಲೇ ಬರ್ತಿತ್ತು. ಈ ಸಲ ನಮ್ಮ ಮನೆಯಿಂದ ಬರ್ಲಿ" ಎಂದರು. ಅಮ್ಮ ತಟ್ಟೆ ತೆಗೆದುಕೊಂಡು ಅತ್ತಳು. ಆ ಬೆಲ್ಲದಲ್ಲಿ ಅಕ್ಕಿ ಪಾಯಸ ಮಾಡಿ ಅದೇ ತಟ್ಟೆಯಲ್ಲಿ ಬಟ್ಟಲಿಟ್ಟು ಅವರ ಮನೆಗೂ ಕಳಿಸಿದಳು.

ಆ ವರ್ಷ ನಮ್ಮ ಹಬ್ಬದಲ್ಲಿ ದಿಬ್ಬ ಇರಲಿಲ್ಲ, ಬರೀ ಚಿನ್ನ ಇತ್ತು. ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದ ಮೇಲೆ, ಅದೇ ಮನೆಯ ಮಗನಾದ ನಾನು ಅದೇ ಬೊಂಬೆಯನ್ನು ಡಬ್ಬಿಯಲ್ಲಿ ಮರೆತೆ. ಬಡತನ ಒಳ್ಳೆಯದೆಂದು ಹೇಳುತ್ತಿಲ್ಲ. ಬಡತನ ಯಾವ ಮಗುವಿಗೂ ಬೇಡ. ಆದರೆ ಬಡತನದಲ್ಲಿ ಕೈಬಿಡದೆ ಹಿಡಿದಿದ್ದನ್ನು ಅನುಕೂಲ ಬಂದಾಗ ಕಳೆದುಕೊಳ್ಳುತ್ತೇವೆ ಎಂಬುದು ನಾಚಿಕೆಯ ವಿಷಯ.

ಹಾಗಾದರೆ ಏನು ಮಾಡಬೇಕು? ಪೋಷಕರು ನನ್ನನ್ನು ಕೇಳುತ್ತಾರೆ. ನಮ್ಮೂರಿನ ಎಷ್ಟೋ ತಂದೆತಾಯಿಯರು ನಸುಕಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ರಾತ್ರಿ ಬರುವವರು. ಮಕ್ಕಳ ಮುಖ ಸರಿಯಾಗಿ ನೋಡುವುದೇ ಭಾನುವಾರ. ಇಂಥವರಿಗೆ ದೊಡ್ಡ ದೊಡ್ಡ ಉಪದೇಶ ಮಾಡಿ ಫಲವಿಲ್ಲ. ಆದರೆ ಕ್ರಿಸ್ಮಸ್‌ಗೆ ಮೊದಲು ಆಗಮನ ಕಾಲದ ನಾಲ್ಕು ಭಾನುವಾರಗಳಿವೆಯಲ್ಲ, ಅಷ್ಟು ಸಾಕು. ಒಂದೊಂದು ಭಾನುವಾರ ರಾತ್ರಿ ಊಟಕ್ಕೆ ಮುಂಚೆ ಹತ್ತು ನಿಮಿಷ, ದೊಡ್ಡ ದೀಪ ಆರಿಸಿ, ಒಂದು ಮೇಣದಬತ್ತಿ ಹಚ್ಚಿ. ಎರಡನೆಯ ವಾರ ಎರಡು, ಮೂರನೆಯ ವಾರ ಮೂರು. ಯೇಸುವಿನ ಜನನದ ಕಥೆ ಮತ್ತಾಯ, ಲೂಕ ಇಬ್ಬರಲ್ಲೇ, ಅದೂ ಮೊದಲ ಎರಡೆರಡು ಅಧ್ಯಾಯಗಳಲ್ಲೇ ಇದೆ. ವಾರಕ್ಕೊಂದು ಅಧ್ಯಾಯದಂತೆ ಮಕ್ಕಳಿಂದಲೇ ಓದಿಸಿ. ಟೀವಿ, ಮೊಬೈಲು ಆ ಹತ್ತು ನಿಮಿಷ ಬಾಯಿ ಮುಚ್ಚಿರಲಿ.

ಮಕ್ಕಳೇ, ಇದಕ್ಕೂ ನಮ್ಮ ಗಣಿಯಲ್ಲೇ ಒಂದು ಪಾಠವಿದೆ. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್, ಇಂಗ್ಲೆಂಡಿನ ವಿಜ್ಞಾನಿಗಳೊಂದಿಗೆ ಸೇರಿ, ಪಕ್ಕದ ಚಾಂಪಿಯನ್ ರೀಫ್ ಗಣಿಯಲ್ಲಿ ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಉಪಕರಣ ಇಟ್ಟು ಕೂತರು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಕಣದ ಸುಳಿವನ್ನು ಜಗತ್ತಿನಲ್ಲಿ ಮೊದಲು ಕಂಡವರ ಸಾಲಿಗೆ ಸೇರಿದರು. ಅಷ್ಟು ಆಳಕ್ಕೆ ಯಾಕೆ ಹೋಗಬೇಕಿತ್ತು? ನ್ಯೂಟ್ರಿನೊ ಮೇಲೂ ಇದೆ, ಎಲ್ಲೆಲ್ಲೂ ಇದೆ, ಈಗಲೂ ನಿಮ್ಮ ಮೈಯೊಳಗಿಂದ ಹಾದುಹೋಗುತ್ತಿದೆ. ಆದರೆ ಮೇಲೆ ಬೇರೆ ಕಣಗಳ ಗದ್ದಲ ವಿಪರೀತ. ಆ ಗದ್ದಲವನ್ನು ಬಂಡೆ ತಡೆದ ಮೇಲೆಯೇ ನ್ಯೂಟ್ರಿನೊವಿನ ಸುಳಿವು ಸಿಗುವುದು. ದೇವರ ವಿಷಯವನ್ನು ಉಪಕರಣ ಇಟ್ಟು ಅಳೆಯಲು ಬರುವುದಿಲ್ಲ, ಆ ಹೋಲಿಕೆಯನ್ನು ನಾನು ಮಾಡುವುದೂ ಇಲ್ಲ. ಗದ್ದಲದಲ್ಲಿ ಮೆಲುದನಿ ಕೇಳದು ಎಂಬ ಮಾತು ಮಾತ್ರ ಎರಡು ಕಡೆಗೂ ಸಲ್ಲುತ್ತದೆ.

ಇನ್ನೊಂದು ಕೆಲಸ. ಹಬ್ಬದ ಖರ್ಚಿನ ಪಟ್ಟಿ ಬರೆಯುವಾಗ ಮೊದಲ ಸಾಲು ಬೇರೆಯವರಿಗಾಗಿ ಇರಲಿ. ಎಷ್ಟು ಎಂಬುದು ನಿಮ್ಮ ಶಕ್ತಿಗೆ ಬಿಟ್ಟದ್ದು. ನಿಕೋಲಾಸರ ಹಾಗೆ, ಕೊಟ್ಟವರು ಯಾರೆಂದು ಗೊತ್ತಾಗದಂತೆ ಕೊಡಿ. ಫೋಟೋ ಬೇಡ. ಮಕ್ಕಳ ಕೈಯಿಂದಲೇ ಕೊಡಿಸಿ. ತರಗತಿಯಲ್ಲಿ ಹೊಸ ಬಟ್ಟೆ ಇಲ್ಲದ ಗೆಳೆಯ ಯಾರೆಂದು ನಿಮಗಿಂತ ನಿಮ್ಮ ಮಗನಿಗೆ ಚೆನ್ನಾಗಿ ಗೊತ್ತಿರುತ್ತದೆ. ಸಾಲ ಮಾಡಿ ಮಾತ್ರ ಹಬ್ಬ ಮಾಡಬೇಡಿ. ಜನವರಿಯಲ್ಲಿ ಬಡ್ಡಿಯವನು ಬಾಗಿಲಿಗೆ ಬಂದು ನಿಂತಾಗ, ಡಿಸೆಂಬರಿನಲ್ಲಿ ಹಾಡಿದ ಸಮಾಧಾನದ ಹಾಡು ಮಕ್ಕಳಿಗೆ ಸುಳ್ಳಾಗಿ ಕೇಳಿಸುತ್ತದೆ.

ಬೇರೆ ಧರ್ಮದ ಓದುಗರು ಈ ಮಾತನ್ನು ತಮ್ಮ ತಮ್ಮ ಹಬ್ಬಕ್ಕೆ ಹಚ್ಚಿ ನೋಡಿಕೊಳ್ಳಬಹುದು. ದೂಳು ಎಲ್ಲರ ಮನೆಗೂ ಬರುತ್ತದೆ.

ಕೊನೆಗೆ ದಿಬ್ಬದ ಬಗ್ಗೆ ಒಂದು ವಿಷಯ ಹೇಳದಿದ್ದರೆ ವಿಜ್ಞಾನಕ್ಕೆ ಮೋಸವಾಗುತ್ತದೆ. ಆ ಬೂದುಪುಡಿಯಲ್ಲಿ ಚಿನ್ನ ಪೂರ್ತಿ ಹೋಗಿಲ್ಲ. ಟನ್ನಿಗೆ ಒಂದು ಗ್ರಾಂಗಿಂತ ಕಡಿಮೆಯಾದರೂ ಇನ್ನೂ ಉಳಿದಿದೆ. ಅದನ್ನು ಮತ್ತೆ ತೆಗೆಯುವ ಮಾತು ವರ್ಷಗಳಿಂದ ನಡೆದಿದೆ. ನಮ್ಮ ಮನೆಗಳ ಹಬ್ಬದಲ್ಲೂ ಅಷ್ಟು ಉಳಿದೇ ಇದೆ ಎಂದು ನನ್ನ ನಂಬಿಕೆ. ಹುಡುಕುವವರು ಬೇಕು.

ನಮ್ಮ ಮನೆಯಲ್ಲಿ ಹುಡುಕಿದವಳು ಮಗಳು. ಆ ಡಿಸೆಂಬರ್ 27ರ ಸಂಜೆಯೇ ಬೊಂಬೆಯನ್ನು ಒರೆಸಿ ಹುಲ್ಲಿನ ಮೇಲೆ ಮಲಗಿಸಿದಳು. ತಡವಾಗಿ ಬಂದದ್ದಕ್ಕೆ ಎಲ್ಲರೂ ಒಂದು ಸಲ ಮಂಡಿಯೂರಿದೆವು. ಅಂದಿನಿಂದ ಡಬ್ಬಿ ಅವಳ ವಶ. ಈಗ ಬೆಂಗಳೂರಿನಲ್ಲಿ ಓದುತ್ತಿದ್ದಾಳೆ. ನವೆಂಬರ್ ಕೊನೆಯಾಗುತ್ತಲೇ ಫೋನು ಬರುತ್ತದೆ. ನಕ್ಷತ್ರ ಕಟ್ಟಿದಿರಾ, ಕೇಕು ಹೇಳಿದಿರಾ ಎಂದು ಕೇಳುವುದಿಲ್ಲ. "ಅಪ್ಪಾ, ಡಬ್ಬಿ ಇಟ್ಟ ಜಾಗದಲ್ಲೇ ಇದೆಯಾ, ನೋಡಿ ಹೇಳಿ" ಎನ್ನುತ್ತಾಳೆ. ನಾನು ಎದ್ದು ಹೋಗಿ ನೋಡಿ ಬಂದು ಹೇಳುತ್ತೇನೆ.